ವಯಸ್ಸಾದ ತಾರೆ: ಉಳಿಸಿಕೊಳ್ಳುವುದೋ, ಬಿಟ್ಟುಕೊಡುವುದೋ?

ಬ್ಯಾಸ್ಕೆಟ್‌ಬಾಲ್ ಆಟವನ್ನು ನೀವು ನೋಡಿರುತ್ತೀರಿ; ಶಾಲೆಯ ಅಂಗಳದಲ್ಲಿ ಆಡಿಯೂ ಇರಬಹುದು. ಒಂದು ತಂಡದಿಂದ ಅಂಕಣದೊಳಗೆ ಇರುವವರು ಐದೇ ಮಂದಿ. ಕ್ರಿಕೆಟ್ಟಿನಲ್ಲಿ ಹನ್ನೊಂದು ಮಂದಿಯ ನಡುವೆ ಒಬ್ಬರ ಕೊರತೆ ಮುಚ್ಚಿಹೋದೀತು. ಇಲ್ಲಿ ಹಾಗಲ್ಲ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಒಂದು ಪಂದ್ಯದ ಅವಧಿ 48 ನಿಮಿಷ. ಐವರಿಗೆ ಸೇರಿ ಒಟ್ಟು 240 ನಿಮಿಷಗಳ ಆಟ. ಒಬ್ಬ ತಾರೆ 38-39 ನಿಮಿಷ ಆಡಿದರೆ ತಂಡದ ಒಟ್ಟು ಆಟದಲ್ಲಿ ಆರನೆಯ ಒಂದು ಪಾಲು ಅವರೊಬ್ಬರದೇ ಆಯಿತು. ಚೆಂಡು ಹೆಚ್ಚು ಹೊತ್ತು ಅವರ ಕೈಯಲ್ಲೇ ಇರುವುದರಿಂದ ಪ್ರಭಾವ ಅದಕ್ಕಿಂತಲೂ ದೊಡ್ಡದು.

ಇಂಥ ತಾರೆಗೆ ವಯಸ್ಸು ಮೂವತ್ತೈದನ್ನು ಸಮೀಪಿಸುತ್ತದೆ. ಮೊಣಕಾಲು, ಹಿಮ್ಮಡಿ, ಭುಜ ಒಂದೊಂದಾಗಿ ತೊಂದರೆ ಕೊಡತೊಡಗುತ್ತವೆ. ಆಗ ತಂಡದ ವ್ಯವಸ್ಥಾಪಕರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಈ ಆಟಗಾರರನ್ನು ಉಳಿಸಿಕೊಳ್ಳಬೇಕೆ, ಅಥವಾ ಇನ್ನೂ ಬೆಲೆ ಇರುವಾಗಲೇ ಬೇರೊಂದು ತಂಡಕ್ಕೆ ಕೊಟ್ಟು ಬದಲಿಗೆ ಬೇರೇನನ್ನಾದರೂ ಪಡೆಯಬೇಕೆ?

ಇದರಲ್ಲಿ ವಿಜ್ಞಾನವೇನು ಬಂತು ಎನ್ನುತ್ತೀರಾ? ಮೇಲ್ನೋಟಕ್ಕೆ ಇದು ಅಭಿಮಾನ ಮತ್ತು ವ್ಯಾಪಾರದ ಮಾತು. ಆದರೆ ಒಳಹೊಕ್ಕರೆ ಅಲ್ಲಿ ಶರೀರಕ್ರಿಯಾಶಾಸ್ತ್ರವಿದೆ, ಸಂಭಾವ್ಯತೆಯ ಗಣಿತವಿದೆ, ಸಂಖ್ಯಾಶಾಸ್ತ್ರವನ್ನು ಕಲಿತವರೂ ಬೀಳುವ ಒಂದೆರಡು ಹಳ್ಳಗಳಿವೆ. ಅದೃಷ್ಟವಶಾತ್ ನಮ್ಮ ಮುಂದೆ ಒಂದು ಸೊಗಸಾದ ನಿದರ್ಶನವೂ ಇದೆ. 2013ರಲ್ಲಿ ಎನ್‌ಬಿಎಯ ಎರಡು ಹಳೆಯ, ಹೆಸರಾಂತ ತಂಡಗಳು ಹೆಚ್ಚುಕಡಿಮೆ ಒಂದೇ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟವು.

ಒಂದೇ ವರ್ಷ, ಎರಡು ತೀರ್ಮಾನ

ಮೊದಲು ಅಲ್ಲಿನ ಪದ್ಧತಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಒಪ್ಪಂದದಲ್ಲಿರುವ ಆಟಗಾರರನ್ನು ಒಂದು ತಂಡ ಇನ್ನೊಂದಕ್ಕೆ ಕೊಟ್ಟು ಬದಲಿಗೆ ಬೇರೆ ಆಟಗಾರರನ್ನು ಪಡೆಯಬಹುದು. ಇದಕ್ಕೆ ವಿನಿಮಯ ಎನ್ನೋಣ. ಆಟಗಾರರ ಬದಲಿಗೆ 'ಡ್ರಾಫ್ಟ್' ಹಕ್ಕನ್ನೂ ಕೊಡಬಹುದು. ಡ್ರಾಫ್ಟ್ ಎಂದರೆ ಪ್ರತಿ ವರ್ಷ ಹೊಸದಾಗಿ ಬರುವ ತರುಣ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕ್ರಮ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮುಂಚಿನ ಸರದಿ ಸಿಗುವ ಸಂಭವ ಹೆಚ್ಚು. ಸೋತವರು ಸೋಲುತ್ತಲೇ ಇರಬಾರದು ಎಂಬುದು ಇದರ ಉದ್ದೇಶ. ಜೊತೆಗೆ ಒಂದು ತಂಡ ಆಟಗಾರರ ಸಂಬಳಕ್ಕೆ ವೆಚ್ಚ ಮಾಡುವ ಹಣಕ್ಕೆ ಒಂದು ಮಿತಿ ಇದೆ. ಅದನ್ನು ಮೀರಲು ಕೆಲವು ವಿನಾಯಿತಿಗಳಿದ್ದರೂ ಮಿತಿ ಮಿತಿಯೇ. ಈ ಎರಡು ನಿಯಮಗಳನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇವುಗಳ ಮೇಲೆ ನಿಂತಿದೆ.

ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ 2008ರಲ್ಲಿ ಚಾಂಪಿಯನ್ ಪಟ್ಟ ತಂದುಕೊಟ್ಟವರಲ್ಲಿ ಪಾಲ್ ಪಿಯರ್ಸ್ ಮತ್ತು ಕೆವಿನ್ ಗಾರ್ನೆಟ್ ಪ್ರಮುಖರು. 2013ರ ಬೇಸಿಗೆಯ ಹೊತ್ತಿಗೆ ಪಿಯರ್ಸ್‌ಗೆ 35, ಗಾರ್ನೆಟ್‌ಗೆ 37. ಗಾರ್ನೆಟ್‌ರ ಮೊಣಕಾಲು 2009ರಲ್ಲೇ ಒಮ್ಮೆ ಕೆಟ್ಟು ಆ ವರ್ಷದ ನಾಕೌಟ್ ಪಂದ್ಯಗಳಿಗೆಲ್ಲ ಅವರು ಹೊರಗುಳಿದಿದ್ದರು. 2012-13ರಲ್ಲಿ ತಂಡ 41 ಪಂದ್ಯ ಗೆದ್ದು 40 ಸೋತಿತ್ತು. ಅಂದರೆ ಮೇಲೂ ಇಲ್ಲ, ಕೆಳಗೂ ಇಲ್ಲ. ಜೂನ್ ಕೊನೆಯಲ್ಲಿ ತಂಡದ ಮುಖ್ಯಸ್ಥ ಡ್ಯಾನಿ ಐಂಜ್ ಈ ಇಬ್ಬರನ್ನೂ, ಜೇಸನ್ ಟೆರಿ ಅವರನ್ನೂ ಬ್ರೂಕ್ಲಿನ್ ನೆಟ್ಸ್ ತಂಡಕ್ಕೆ ಕೊಡಲು ಒಪ್ಪಿದರು. ಬದಲಿಗೆ ಬಂದದ್ದು ಐವರು ಸಾಧಾರಣ ಆಟಗಾರರು. ಜೊತೆಗೆ ಬ್ರೂಕ್ಲಿನ್‌ನ 2014, 2016, 2018ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳು, 2017ರಲ್ಲಿ ಬೇಕೆನಿಸಿದರೆ ಸರದಿಯನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು. ಊರಿನ ಅಭಿಮಾನಿಗಳಿಗೆ ಇದು ಮನೆಯ ದೇವರ ಪಟವನ್ನೇ ಮಾರಿದಂತೆ ಕಂಡಿತು.

ಅತ್ತ ಲಾಸ್ ಏಂಜಲಿಸ್ ಲೇಕರ್ಸ್ ತಂಡದ ಕೋಬಿ ಬ್ರಯಾಂಟ್. 1996ರಿಂದ ಒಂದೇ ತಂಡಕ್ಕೆ ಆಡಿ ಐದು ಪಟ್ಟಗಳನ್ನು ಗೆದ್ದವರು. 34ರ ವಯಸ್ಸಿನಲ್ಲೂ 2012-13ರಲ್ಲಿ ಪಂದ್ಯಕ್ಕೆ ಸರಾಸರಿ 27.3 ಅಂಕ ಗಳಿಸಿದ್ದರು. ನಾಕೌಟ್ ಹಂತಕ್ಕೆ ತಂಡವನ್ನು ತಲುಪಿಸಬೇಕೆಂಬ ಹಟದಲ್ಲಿ ಏಪ್ರಿಲ್ 10ರಂದು ಪೋರ್ಟ್‌ಲೆಂಡ್‌ನಲ್ಲಿ ಪೂರ್ತಿ 48 ನಿಮಿಷ ಆಡಿ 47 ಅಂಕ ಹಾಕಿದರು. ಎರಡು ದಿನಗಳ ನಂತರ, ಏಪ್ರಿಲ್ 12ರಂದು, ಎದುರಾಳಿಯನ್ನು ದಾಟಲು ಎಡಗಾಲನ್ನು ಒತ್ತಿದರು. ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜು ತುಂಡಾಯಿತು. ಹಾಗಿದ್ದೂ ಅಂಕಣಕ್ಕೆ ಮರಳಿ ಎರಡು ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿ, ತಾವೇ ನಡೆದು ಹೊರಹೋದರು. ಮರುದಿನ ಶಸ್ತ್ರಚಿಕಿತ್ಸೆ. ಅದೇ ವರ್ಷ ನವೆಂಬರ್ 25ರಂದು ತಂಡ ಅವರೊಂದಿಗೆ ಇನ್ನೆರಡು ವರ್ಷಗಳಿಗೆ, 4.85 ಕೋಟಿ ಡಾಲರಿನ ಹೊಸ ಒಪ್ಪಂದ ಮಾಡಿಕೊಂಡಿತು.

ಬ್ರಯಾಂಟ್ ಮತ್ತು ಗಾರ್ನೆಟ್ ಇಬ್ಬರ ಒಪ್ಪಂದದಲ್ಲೂ ತಮ್ಮ ಸಮ್ಮತಿಯಿಲ್ಲದೆ ವಿನಿಮಯ ಕೂಡದು ಎಂಬ ಷರತ್ತಿತ್ತು. ಗಾರ್ನೆಟ್ ಅದನ್ನು ಬಿಟ್ಟುಕೊಟ್ಟರು. ಬ್ರಯಾಂಟ್‌ರನ್ನು ಯಾರೂ ಹಾಗೆ ಕೇಳುವ ಸಂದರ್ಭವೇ ಬರಲಿಲ್ಲ. ಹಾಗಾಗಿ ಲೇಕರ್ಸ್ ಮುಂದಿದ್ದ ನಿಜವಾದ ಆಯ್ಕೆ ಮಾರುವುದಾಗಿರಲಿಲ್ಲ; ಹಳೆಯ ಒಪ್ಪಂದ ಮುಗಿಯುವವರೆಗೆ ಕಾಯುವುದೋ, ಈಗಲೇ ಹೊಸದಕ್ಕೆ ಸಹಿ ಹಾಕುವುದೋ ಎಂಬುದಾಗಿತ್ತು.

ಹಿಮ್ಮಡಿಯ ಹಗ್ಗ

ಕುಳಿತಲ್ಲೇ ನಿಮ್ಮ ಹಿಮ್ಮಡಿಯ ಹಿಂಬದಿಯನ್ನು, ಸ್ವಲ್ಪ ಮೇಲಕ್ಕೆ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಡಿದು ನೋಡಿ. ಗಟ್ಟಿಯಾದ ಹಗ್ಗದಂಥ ರಚನೆಯೊಂದು ಸಿಗುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸಿ. ಅದು ಬಿಗಿಯುವುದು, ಸಡಿಲಾಗುವುದು ಬೆರಳಿಗೆ ತಿಳಿಯುತ್ತದೆ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಅದು. ನಮ್ಮ ದೇಹದ ಅತ್ಯಂತ ದಪ್ಪ, ಅತ್ಯಂತ ಬಲವಾದ ರಜ್ಜು. ಗ್ರೀಕ್ ಪುರಾಣದ ವೀರ ಅಕಿಲಿಸ್‌ನ ಹೆಸರು ಅದಕ್ಕಿದೆ. ನಮ್ಮ ದುರ್ಯೋಧನನಿಗೆ ತೊಡೆ ಇದ್ದಂತೆ ಅವನಿಗೆ ಹಿಮ್ಮಡಿಯೇ ಮರ್ಮಸ್ಥಾನ.

ಓಡುವಾಗ, ನೆಗೆಯುವಾಗ ಈ ರಜ್ಜು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಪಾದ ನೆಲಕ್ಕೆ ಒತ್ತಿದಾಗ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಂಡು, ನೆಲ ಬಿಡುವಾಗ ಅದನ್ನು ಹಿಂದಿರುಗಿಸುತ್ತದೆ. ವೇಗದ ಓಟದಲ್ಲಿ ಅದರ ಮೇಲೆ ಬೀಳುವ ಎಳೆತ ದೇಹದ ತೂಕದ ಆರೆಂಟು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. 95 ಕಿಲೋಗ್ರಾಂ ತೂಕದ ಆಟಗಾರನಿಗೆ ಆರು ಪಟ್ಟು ಎಂದು ಹಿಡಿದರೂ ಅರ್ಧ ಟನ್ನಿಗಿಂತ ಹೆಚ್ಚಿನ ಭಾರವಾಯಿತು! ಇಷ್ಟಿದ್ದರೂ ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಮೂಳೆಯಿಂದ ಕೆಲವು ಸೆಂಟಿಮೀಟರ್ ಮೇಲಿನ ಭಾಗದಲ್ಲಿ ಅದು ಇನ್ನೂ ಕಡಿಮೆ. ರಜ್ಜು ಹರಿಯುವುದೂ ಸಾಮಾನ್ಯವಾಗಿ ಅಲ್ಲಿಯೇ.

ಮುರಿದ ಮೂಳೆ ಕೂಡುತ್ತದೆ, ಗಾಯದ ಚರ್ಮ ಮತ್ತೆ ಬೆಳೆಯುತ್ತದೆ. ರಜ್ಜುವೂ ಹಾಗೆಯೇ ಸದಾ ನವೀಕರಣಗೊಳ್ಳುತ್ತಿರುತ್ತದೆಯೆ? ಈ ಪ್ರಶ್ನೆಗೆ ಡೆನ್ಮಾರ್ಕಿನ ಸಂಶೋಧಕರು ಒಂದು ಜಾಣ ಉಪಾಯದಿಂದ ಉತ್ತರ ಕಂಡುಕೊಂಡರು. ಅವರ ಪ್ರಬಂಧ ಪ್ರಕಟವಾದದ್ದೂ 2013ರಲ್ಲೇ.

1950ರ ದಶಕದ ನಡುವಿನಿಂದ 1963ರವರೆಗೆ ವಾಯುಮಂಡಲದಲ್ಲಿ ನಡೆದ ಪರಮಾಣು ಬಾಂಬ್ ಪರೀಕ್ಷೆಗಳು ಗಾಳಿಯಲ್ಲಿನ ಕಾರ್ಬನ್-14ರ ಪ್ರಮಾಣವನ್ನು ಸುಮಾರು ಇಮ್ಮಡಿ ಮಾಡಿದವು. 1963ರಲ್ಲಿ ಇಂಥ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾದ ಮೇಲೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಈ ಇಳಿಕೆ ವಿಕಿರಣಶೀಲ ಕ್ಷಯದಿಂದಲ್ಲ ಎಂಬುದನ್ನು ಗಮನಿಸಿ. ಕಾರ್ಬನ್-14ರ ಅರ್ಧಾಯು 5,730 ವರ್ಷ. ಹೆಚ್ಚಿನ ಇಂಗಾಲ ಸಾಗರವನ್ನೂ ಸಸ್ಯಗಳನ್ನೂ ಸೇರಿದ್ದೇ ಕಾರಣ. ಗಿಡಗಳ ಮೂಲಕ ಈ ಇಂಗಾಲ ನಮ್ಮ ಅನ್ನಕ್ಕೆ, ಅನ್ನದಿಂದ ದೇಹಕ್ಕೆ ಬರುತ್ತದೆ. ಹಾಗಾಗಿ ಒಂದು ಅಂಗಾಂಶದಲ್ಲಿ ಕಾರ್ಬನ್-14 ಎಷ್ಟಿದೆ ಎಂದು ಅಳೆದರೆ ಅದು ಯಾವ ವರ್ಷದ ಆಹಾರದಿಂದ ಕಟ್ಟಿದ್ದು ಎಂದು ಹೇಳಬಹುದು. ಗೋಡೆಯ ಇಟ್ಟಿಗೆಯ ಮೇಲೆ ತಯಾರಾದ ಇಸವಿಯನ್ನು ಒತ್ತಿದ್ದಂತೆ!

ಅಕಿಲಿಸ್ ರಜ್ಜುವಿನ ತಿರುಳಿನ ಇಟ್ಟಿಗೆಗಳ ಮೇಲೆ ಇದ್ದದ್ದು ಆ ವ್ಯಕ್ತಿಗಳ ಬಾಲ್ಯ ಮತ್ತು ಹದಿಹರೆಯದ ಇಸವಿಗಳು. ಸುಮಾರು 17ರ ವಯಸ್ಸಿನ ನಂತರ ಅಲ್ಲಿ ಹೊಸ ಅಂಗಾಂಶ ಸೇರಿದ ಕುರುಹು ಇಲ್ಲವೆಂಬಷ್ಟು ಕಡಿಮೆ. ಅದೇ ವ್ಯಕ್ತಿಗಳ ಸ್ನಾಯುಗಳಲ್ಲಾದರೋ ನವೀಕರಣ ನಡೆದೇ ಇತ್ತು.

ಇದರ ಅರ್ಥವನ್ನು ಬ್ರಯಾಂಟ್‌ಗೆ ಅನ್ವಯಿಸಿ ನೋಡಿ. ಅವರು ಎನ್‌ಬಿಎಗೆ ಬಂದದ್ದು 18ರಲ್ಲಿ. ಅಂದರೆ ರಜ್ಜುವಿನ ತಿರುಳು ಬೆಳೆದು ಮುಗಿದ ಹೊತ್ತಿಗೆ. ಅಲ್ಲಿಂದ ಮುಂದೆ 1,239 ಲೀಗ್ ಪಂದ್ಯ, 220 ನಾಕೌಟ್ ಪಂದ್ಯ ಸೇರಿ 1,459 ಪಂದ್ಯಗಳ ಭಾರ ಬಿದ್ದದ್ದು ಅದೇ ಹಗ್ಗದ ಮೇಲೆ. ಆಟಗಾರನ ವಯಸ್ಸನ್ನು ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕುವುದಕ್ಕಿಂತ ಆಡಿದ ನಿಮಿಷಗಳಿಂದ ಲೆಕ್ಕ ಹಾಕುವುದೇ ಮೇಲು ಎಂದು ಅನೇಕರು ಹೇಳುವುದು ಇದಕ್ಕೇ. ಬಸ್ಸಿನ ಟೈರನ್ನು ಯಾರೂ ಕೊಂಡ ತಾರೀಖು ನೋಡಿ ಬದಲಿಸುವುದಿಲ್ಲ, ಅಲ್ಲವೇ? ಓಡಿದ ಕಿಲೋಮೀಟರ್ ನೋಡುತ್ತಾರೆ. ಇನ್ನು ವಯಸ್ಸಿನೊಂದಿಗೆ ಸ್ನಾಯುಗಳ ಶೀಘ್ರ ಸಂಕೋಚನದ ಎಳೆಗಳು ಕುಗ್ಗುತ್ತವೆ, ಮೊದಲ ಹೆಜ್ಜೆಯ ಚುರುಕು ಹೋಗುತ್ತದೆ. ಗುರಿಯಿಟ್ಟು ಎಸೆಯುವ ಕೌಶಲ, ಆಟವನ್ನು ಓದುವ ಬುದ್ಧಿ ಇವು ಅಷ್ಟು ಬೇಗ ಹೋಗುವುದಿಲ್ಲ. ಹಳೆಯ ತಾರೆಯರು ನಮ್ಮ ಕಣ್ಣಿಗೆ ಇನ್ನೂ ತಾರೆಯರಾಗಿ ಕಾಣುವುದು ಈ ಉಳಿದ ಬಂಡವಾಳದಿಂದ.

ಉಳಿದವರ ಸರಾಸರಿ

ಹರಿದ ಅಕಿಲಿಸ್ ರಜ್ಜುವನ್ನು ಹೊಲಿಸಿಕೊಂಡ ಎನ್‌ಬಿಎ ಆಟಗಾರರು ಮುಂದೆ ಏನಾದರು? 1988ರಿಂದ 2011ರವರೆಗಿನ 18 ಮಂದಿಯನ್ನು ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. 7 ಮಂದಿ ಮತ್ತೆಂದೂ ಎನ್‌ಬಿಎ ಪಂದ್ಯ ಆಡಲಿಲ್ಲ. ಉಳಿದ 11ರಲ್ಲಿ ಎರಡು ಅಥವಾ ಹೆಚ್ಚು ಋತು ಆಡಿದವರು 8 ಮಂದಿ. ಮರಳಿದವರ ಆಟದ ಸಮಯವೂ ಗುಣಮಟ್ಟವೂ ಇಳಿದಿದ್ದವು.

18ರಲ್ಲಿ 7 ಎಂದರೆ ಶೇಕಡಾ 39. ಆದರೆ 18 ಬಹಳ ಸಣ್ಣ ಮಾದರಿ. ಶಿಷ್ಟ ದೋಷದ ಸೂತ್ರ ತಿಳಿದವರು ನೀವೇ ಲೆಕ್ಕ ಹಾಕಿ: 95 ಶೇಕಡಾ ವಿಶ್ವಾಸದ ವ್ಯಾಪ್ತಿ ಸ್ಥೂಲವಾಗಿ ಶೇ. 16ರಿಂದ 61ರವರೆಗೆ ಹಬ್ಬುತ್ತದೆ. "ಮರಳದಿರುವ ಸಂಭವ ಆರರಲ್ಲಿ ಒಂದು" ಎನ್ನುವವನನ್ನೂ "ಐದರಲ್ಲಿ ಮೂರು" ಎನ್ನುವವನನ್ನೂ ಈ ಅಂಕಿಗಳು ಸುಳ್ಳು ಮಾಡಲಾರವು. ಇಂಥ ಮಂಜಿನ ನಡುವೆ ಅಭಿಮಾನಕ್ಕೆ ಅಪವಾದಗಳು ಬೇಗ ಸಿಗುತ್ತವೆ. ಅಟ್ಲಾಂಟಾ ತಂಡದ ಡೊಮಿನಿಕ್ ವಿಲ್ಕಿನ್ಸ್‌ಗೆ 1992ರ ಜನವರಿಯಲ್ಲಿ, 32ರ ವಯಸ್ಸಿನಲ್ಲಿ, ಇದೇ ರಜ್ಜು ಹರಿದಿತ್ತು. ಮುಂದಿನ ಋತುವಿನಲ್ಲೇ ಮರಳಿ ಪಂದ್ಯಕ್ಕೆ ಸರಾಸರಿ 29.9 ಅಂಕ ಹಾಕಿದರು. 2019ರ ಜೂನ್‌ನಲ್ಲಿ ರಜ್ಜು ಹರಿದುಕೊಂಡ ಕೆವಿನ್ ಡುರಾಂಟ್ ಕೂಡ ಒಂದು ಪೂರ್ತಿ ಋತು ಬಿಟ್ಟು ಬಂದು 26.9ರ ಸರಾಸರಿಯಲ್ಲಿ ಆಡಿದರು. ನಮ್ಮಜ್ಜ ದಿನಕ್ಕೆರಡು ಕಟ್ಟು ಬೀಡಿ ಸೇದಿ ತೊಂಬತ್ತು ವರ್ಷ ಬಾಳಿದರು ಎಂಬ ಮಾತನ್ನು ನೀವು ಕೇಳಿದ್ದೀರಿ. ಆ ಮಾತು ನಿಜವೇ ಇದ್ದೀತು. ಐವತ್ತಕ್ಕೆ ಹೋದ ಅಜ್ಜಂದಿರ ಕಥೆ ಹೇಳಲು ಮೊಮ್ಮಕ್ಕಳಿಗೆ ನೆನಪೇ ಇರುವುದಿಲ್ಲ, ಅಷ್ಟೆ.

ಇದೇ ಹಳ್ಳ ಇನ್ನೊಂದು ರೂಪದಲ್ಲೂ ಬರುತ್ತದೆ. 36 ವರ್ಷದ ಎನ್‌ಬಿಎ ಆಟಗಾರರ ಸರಾಸರಿ ಸಾಧನೆಯನ್ನು 28ರವರೊಂದಿಗೆ ಹೋಲಿಸಿದರೆ ಇಳಿಕೆ ಅಷ್ಟೇನೂ ಭೀಕರವಾಗಿ ಕಾಣದು. ಏಕೆ? 36ರಲ್ಲಿ ಇನ್ನೂ ಆಡುತ್ತಿರುವವರು ಕುಸಿಯದೆ ಉಳಿದವರು ಮಾತ್ರ. ಕುಸಿದವರನ್ನು ತಂಡಗಳು ಆಗಲೇ ಮನೆಗೆ ಕಳುಹಿಸಿರುತ್ತವೆ. ಸರಾಸರಿಯಲ್ಲಿ ಅವರ ಲೆಕ್ಕವೇ ಇಲ್ಲ.

ಇದನ್ನು ಶಿಕ್ಷಕರು ತರಗತಿಯಲ್ಲಿ ದಾಳದಿಂದ ತೋರಿಸಬಹುದು. ಪ್ರತಿ ವಿದ್ಯಾರ್ಥಿಗೂ ಮೊದಲಿಗೆ 10 ಅಂಕ. ಒಂದು ಎಸೆತ ಒಂದು ವರ್ಷವಿದ್ದಂತೆ. 1 ಅಥವಾ 2 ಬಿದ್ದರೆ 3 ಅಂಕ ಕಳೆಯಿರಿ, ದೊಡ್ಡ ಗಾಯವಾಯಿತೆಂದು. 3 ಅಥವಾ 4 ಬಿದ್ದರೆ 1 ಅಂಕ ಕಳೆಯಿರಿ. 5 ಅಥವಾ 6 ಬಿದ್ದರೆ ಏನೂ ಬೇಡ. ಮೂರು ಎಸೆತಗಳಾದ ಮೇಲೆ 6ಕ್ಕಿಂತ ಕಡಿಮೆ ಅಂಕ ಇರುವವರೆಲ್ಲ 'ನಿವೃತ್ತಿ' ಎಂದು ಕುಳಿತುಕೊಳ್ಳಲಿ. ನಿಂತವರ ಸರಾಸರಿ ತೆಗೆಯಿರಿ. ಅನಂತರ ಇಡೀ ತರಗತಿಯ ಸರಾಸರಿ ತೆಗೆಯಿರಿ. 54 ಮಕ್ಕಳಿದ್ದರೆ ಸುಮಾರು 34 ಮಂದಿ ನಿಂತಿರುತ್ತಾರೆ, ಅವರ ಸರಾಸರಿ 7.3ರ ಆಸುಪಾಸು. ಎಲ್ಲರನ್ನೂ ಸೇರಿಸಿದರೆ 6. ನಿಜವಾದ ಇಳಿಕೆ 4 ಅಂಕ. ನಿಂತವರನ್ನಷ್ಟೇ ನೋಡಿದವನಿಗೆ ಕಂಡದ್ದು 2.7 ಮಾತ್ರ. ತಂಡ ಸಹಿ ಹಾಕುವ ದಿನ ತನ್ನ ತಾರೆ ಮುಂದೆ ನಿಲ್ಲುವವರಲ್ಲಿ ಒಬ್ಬರೋ, ಕೂರುವವರಲ್ಲಿ ಒಬ್ಬರೋ ಎಂದು ಅದಕ್ಕೆ ತಿಳಿದಿರುವುದಿಲ್ಲ. ಆದ್ದರಿಂದ ಅದು ಬಳಸಬೇಕಾದದ್ದು 6 ಅನ್ನೇ, 7.3 ಅನ್ನಲ್ಲ.

ಉಳಿಸಿಕೊಳ್ಳುವುದರ ಬೆಲೆ

ತಾರೆಯನ್ನು ಉಳಿಸಿಕೊಂಡರೆ ಖರ್ಚೇನು ಬಂತು, ಹೇಗೂ ನಮ್ಮವರೇ ತಾನೆ? ಹೀಗೆ ಅನ್ನಿಸುವುದು ಸಹಜ. ಇಲ್ಲಿ ಅರ್ಥಶಾಸ್ತ್ರದವರು ಅವಕಾಶ ವೆಚ್ಚ ಎನ್ನುವುದು ಮುಖ್ಯವಾಗುತ್ತದೆ. ಹೊಸ ಒಪ್ಪಂದದ ಮೊದಲ ವರ್ಷವಾದ 2014-15ರಲ್ಲಿ ಬ್ರಯಾಂಟ್‌ರ ಸಂಬಳ 2.35 ಕೋಟಿ ಡಾಲರ್. ಆ ವರ್ಷದ ಸಂಬಳದ ಮಿತಿ ಸುಮಾರು 6.31 ಕೋಟಿ. ಮಿತಿಯ ಶೇಕಡಾ 37 ಒಬ್ಬರಿಗೇ ಹೋಯಿತು. ಆ ಹಣದಲ್ಲಿ ಬರಬಹುದಾಗಿದ್ದ ಇತರ ಆಟಗಾರರೇ ಅವರನ್ನು ಉಳಿಸಿಕೊಂಡದ್ದರ ನಿಜವಾದ ಬೆಲೆ.

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ತಾರೆ 82 ಪಂದ್ಯಗಳನ್ನೂ ಆಡಿದರೆ ತಂಡಕ್ಕೆ 12 ಹೆಚ್ಚುವರಿ ಗೆಲುವು. ಅದೇ ಹಣಕ್ಕೆ ಬರುವ ಬೇರೆ ಆಟಗಾರರಿಂದ 8 ಗೆಲುವು. ಇವು ನಾವು ಕಲ್ಪಿಸಿಕೊಂಡ ಸಂಖ್ಯೆಗಳು, ಯಾರದೂ ಅಳತೆಯಲ್ಲ. ತಾರೆ ಋತುವಿನ ಎಷ್ಟು ಪಾಲು ಆಡಿದರೆ ಎರಡೂ ಸಮವಾಗುತ್ತವೆ? 8 ಭಾಗಿಸು 12, ಅಂದರೆ ಮೂರರಲ್ಲಿ ಎರಡು ಪಾಲು. ಸುಮಾರು 55 ಪಂದ್ಯ. ಅದಕ್ಕಿಂತ ಕಡಿಮೆಯಾದರೆ, ಆತ ಎಂಥ ಮಹಾನ್ ಆಟಗಾರನಾದರೂ, ತಂಡಕ್ಕೆ ನಷ್ಟ.

ನಿಜದಲ್ಲಿ ಏನಾಯಿತು? ಬ್ರಯಾಂಟ್ 2013-14ರಲ್ಲಿ ಆಡಿದ್ದು 6 ಪಂದ್ಯ, ಮುಂದಿನ ಋತುವಿನಲ್ಲಿ 35, ಕೊನೆಯ ಋತುವಿನಲ್ಲಿ 66. ಒಟ್ಟು 246ರಲ್ಲಿ 107. ಅರ್ಧಕ್ಕಿಂತ ಕಡಿಮೆ. ಆಡಿದಾಗಲೂ ಎಸೆತಗಳು ಬುಟ್ಟಿಗೆ ಬೀಳುವ ಪ್ರಮಾಣ ಶೇ. 46.3ರಿಂದ 42.5ಕ್ಕೆ, ಅಲ್ಲಿಂದ 37.3ಕ್ಕೆ, ಕೊನೆಗೆ 35.8ಕ್ಕೆ ಇಳಿಯಿತು. ಅಂಕಗಳ ಸರಾಸರಿಯನ್ನು ಮಾತ್ರ ನೋಡಿದವರಿಗೆ ಇದು ಕಾಣದು. 2014-15ರಲ್ಲಿ ಅವರ ಸರಾಸರಿ 22.3. ಎಸೆತಗಳ ಸಂಖ್ಯೆ ಹೆಚ್ಚಾಗಿದ್ದರೆ ಅಂಕಗಳೂ ಬರುತ್ತವೆ. ವ್ಯರ್ಥವಾದ ಎಸೆತಗಳನ್ನು ಎಣಿಸಬೇಕು.

ಎಲ್ಲ ತಂಡಗಳಿಗೂ ಈ ಲೆಕ್ಕ ಒಂದೇ ಅಲ್ಲ. 25 ಗೆಲುವಿನ ತಂಡ 30ಕ್ಕೇರಿದರೆ ಏನೂ ಬದಲಾಗುವುದಿಲ್ಲ. 50ರ ತಂಡ 55ಕ್ಕೇರಿದರೆ ಪಟ್ಟದ ಬಾಗಿಲು ತೆರೆದೀತು. ಆದ್ದರಿಂದ ಒಬ್ಬನೇ ಆಟಗಾರ ಒಂದು ತಂಡಕ್ಕೆ ಹೊರೆಯಾಗಿ, ಇನ್ನೊಂದಕ್ಕೆ ನಿಧಿಯಾಗಿ ಕಾಣಬಹುದು. ಬ್ರೂಕ್ಲಿನ್ ತಾನು ಪಟ್ಟದ ಹೊಸ್ತಿಲಲ್ಲಿದ್ದೇನೆಂದು ನಂಬಿತ್ತು. ಅದು ಮೂರ್ಖರ ಕೂಟವೇನಲ್ಲ. ಆದರೆ ವಯಸ್ಸಿನ ಲೆಕ್ಕದಲ್ಲಿ ಅದು ಎಡವಿತು. ಗಾರ್ನೆಟ್‌ರ ಸರಾಸರಿ ಒಂದೇ ವರ್ಷದಲ್ಲಿ 14.8ರಿಂದ 6.5ಕ್ಕೆ, ಪಿಯರ್ಸ್‌ರದು 18.6ರಿಂದ 13.5ಕ್ಕೆ ಇಳಿಯಿತು. ತಂಡ 44 ಪಂದ್ಯ ಗೆದ್ದು ಎರಡನೆಯ ಸುತ್ತಿನಲ್ಲಿ ಸೋತಿತು. 2014ರ ಬೇಸಿಗೆಯಲ್ಲಿ ಪಿಯರ್ಸ್ ಹೊರಟುಹೋದರು, 2015ರ ಫೆಬ್ರುವರಿಯಲ್ಲಿ ಗಾರ್ನೆಟ್ ಕೂಡ.

ಬಾಸ್ಟನ್ ಕೇಳಿದ ಬೆಲೆಯ ಜಾಣತನ ಈಗ ಕಾಣುತ್ತದೆ. 2016 ಮತ್ತು 2018ರ ಡ್ರಾಫ್ಟ್ ಹಕ್ಕುಗಳಿಗೆ ಬೆಲೆ ಬರುವುದು ಬ್ರೂಕ್ಲಿನ್ ಸೋತಾಗ. ಬ್ರೂಕ್ಲಿನ್ ಸೋಲುವುದು ಅದರ ತಾರೆಯರಿಗೆ ಮುಪ್ಪು ಬಂದಾಗ. 2016ರ ಡ್ರಾಫ್ಟ್ ಹೊತ್ತಿಗೆ ಇವರಿಬ್ಬರ ವಯಸ್ಸು 38 ಮತ್ತು 40 ಆಗುತ್ತಿತ್ತು. ಅದನ್ನು ತಿಳಿಯಲು ಜ್ಯೋತಿಷಿ ಬೇಕಿಲ್ಲ, ಕೂಡುವ ಲೆಕ್ಕ ಸಾಕು. ಅಂದರೆ ಬಾಸ್ಟನ್ ತಾನು ಕೊಟ್ಟ ವಸ್ತು ಸವೆದಂತೆಲ್ಲ ತಾನು ಪಡೆದ ವಸ್ತು ಬೆಳೆಯುವಂಥ ವ್ಯಾಪಾರ ಮಾಡಿತ್ತು. ಒಂದು ವೇಳೆ ಇಬ್ಬರೂ ಪವಾಡದಂತೆ ಆಡಿದ್ದರೆ ಬಾಸ್ಟನ್‌ಗೆ ಸಿಗುತ್ತಿದ್ದದ್ದು ಕೊನೆಯ ಸರದಿಗಳು ಮಾತ್ರ, ನಷ್ಟ ದೊಡ್ಡದೇನಲ್ಲ. 2014ರ ಹಕ್ಕು ಹಾಗೆಯೇ ಆಯಿತು, 17ನೆಯ ಸರದಿ. 2016ರದು 3ನೆಯ ಸರದಿ, ಜೇಲನ್ ಬ್ರೌನ್. 2016-17ರಲ್ಲಿ ಬ್ರೂಕ್ಲಿನ್ 20 ಗೆಲುವು, 62 ಸೋಲಿನೊಂದಿಗೆ ಲೀಗಿನ ತಳದಲ್ಲಿತ್ತು. ಅದಲುಬದಲಿನಿಂದ ಬಾಸ್ಟನ್‌ಗೆ ಮೊದಲ ಸರದಿಯೇ ಸಿಕ್ಕಿತು. ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು, ಮೂರನೆಯ ಸರದಿಯನ್ನೂ ಇನ್ನೊಂದು ಭವಿಷ್ಯದ ಹಕ್ಕನ್ನೂ ಪಡೆದು ಜೇಸನ್ ಟೇಟಮ್‌ರನ್ನು ಆರಿಸಿತು.

ಕಾಯುವುದಕ್ಕೂ ಬೆಲೆಯುಂಟು

ಜಾನುವಾರು ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಮಾರುವವನಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂಬ ಅರಿವು ಅವನಿಗಿದೆ. ಆಟಗಾರರ ವಿನಿಮಯದಲ್ಲೂ ಹೀಗೆಯೇ ವೈದ್ಯಕೀಯ ಪರೀಕ್ಷೆ ನಡೆಯುತ್ತದೆ. 2017ರ ಆಗಸ್ಟಿನಲ್ಲಿ ಬಾಸ್ಟನ್ ತನ್ನ ಐಸೇಯಾ ಥಾಮಸ್‌ರನ್ನು ಕ್ಲೀವ್‌ಲೆಂಡ್‌ಗೆ ಕೊಟ್ಟಾಗ ಕೊಂಡ ತಂಡದ ವೈದ್ಯರು ಅವರ ಸೊಂಟದ ಕೀಲಿನ ಗಾಯವನ್ನು ನೋಡಿ ತಡೆದರು. ಬಾಸ್ಟನ್ ಇನ್ನೊಂದು ಡ್ರಾಫ್ಟ್ ಹಕ್ಕನ್ನು ಸೇರಿಸಿದ ಮೇಲೆಯೇ ವ್ಯವಹಾರ ಮುಗಿದದ್ದು. ಥಾಮಸ್‌ಗೆ ಆಗ 28 ವರ್ಷ. ಅದೇ ಏಪ್ರಿಲ್‌ನಲ್ಲಿ ತಂಗಿ ಅಪಘಾತದಲ್ಲಿ ತೀರಿಕೊಂಡ ಮರುದಿನವೇ ಬಾಸ್ಟನ್ ಪರವಾಗಿ ಅಂಕಣಕ್ಕಿಳಿದವರು ಅವರು. ಮುಂದಿನ ಋತುವಿನಲ್ಲಿ ಅವರು ಎರಡು ತಂಡಗಳಿಗೆ ಸೇರಿ 32 ಪಂದ್ಯಗಳನ್ನಷ್ಟೇ ಆಡಲಾಯಿತು. ಲೆಕ್ಕದ ಮಟ್ಟಿಗೆ ಬಾಸ್ಟನ್ ಸರಿಯೇ ಇರಬಹುದು. ಆದರೆ ಇಂಥದನ್ನು ನೋಡುವ ಇತರ ಆಟಗಾರರು ಗಾಯವನ್ನು ಮುಚ್ಚಿಟ್ಟು ತಂಡಕ್ಕಾಗಿ ಏಕೆ ಆಡಬೇಕು ಎಂದು ಕೇಳಿಕೊಂಡರೆ ತಪ್ಪೇನು? ಈ ವೆಚ್ಚಕ್ಕೆ ಯಾವ ಸೂತ್ರದಲ್ಲೂ ಜಾಗವಿಲ್ಲ, ಹಾಗೆಂದು ಅದು ಸೊನ್ನೆಯಲ್ಲ.

ಈಗ ಲೇಕರ್ಸ್ ಕಡೆಗೆ ಹಿಂದಿರುಗೋಣ. ಇಪ್ಪತ್ತು ವರ್ಷ ತಂಡವನ್ನು ಹೊತ್ತವರನ್ನು ಉಳಿಸಿಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ಅಭಿಮಾನಿಗಳಿಗೂ ತಂಡದ ಗಲ್ಲಾಪೆಟ್ಟಿಗೆಗೂ ಬ್ರಯಾಂಟ್ ಏನಾಗಿದ್ದರೆಂಬುದು ಗೆಲುವುಗಳ ಲೆಕ್ಕದಲ್ಲಿ ಸಿಗದು. ತಪ್ಪು ಇದ್ದದ್ದು ತಾರೀಖಿನಲ್ಲಿ. ಸಹಿ ಬಿದ್ದದ್ದು ನವೆಂಬರ್ 25ರಂದು. ಹೊಲಿದ ಕಾಲಿನ ಮೇಲೆ ಅವರು ಮೊದಲ ಪಂದ್ಯ ಆಡಿದ್ದು ಡಿಸೆಂಬರ್ 8ರಂದು. ಹಳೆಯ ಒಪ್ಪಂದ 2014ರ ಬೇಸಿಗೆಯವರೆಗೂ ಇತ್ತು. ಎರಡೇ ವಾರ ಕಾದಿದ್ದರೆ ಒಂದು ಪಂದ್ಯದ ಪುರಾವೆ, ಎರಡು ತಿಂಗಳು ಕಾದಿದ್ದರೆ ಇಪ್ಪತ್ತು ಪಂದ್ಯಗಳ ಪುರಾವೆ ಕೈಗೆ ಸಿಗುತ್ತಿತ್ತು, ಅದೂ ಹೆಚ್ಚಿನ ಖರ್ಚಿಲ್ಲದೆ. ಸಂಶಯ ಅತಿ ಹೆಚ್ಚಿರುವಾಗ ಒಂದು ಅಳತೆಯ ಬೆಲೆಯೂ ಅತಿ ಹೆಚ್ಚು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ. ಡಿಸೆಂಬರ್ 17ರಂದು, ಆರನೆಯ ಪಂದ್ಯದಲ್ಲಿ, ಬ್ರಯಾಂಟ್‌ರ ಎಡ ಮೊಣಕಾಲಿನ ಮೂಳೆ ಬಿರಿಯಿತು. 2015ರ ಜನವರಿಯಲ್ಲಿ ಬಲ ಭುಜ.

ಹಾಗಾದರೆ ಗೆದ್ದವರು ಯಾರು?

ಇಲ್ಲಿ ಕಥೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಬಾಸ್ಟನ್ ಬ್ರೌನ್ ಮತ್ತು ಟೇಟಮ್‌ರೊಂದಿಗೆ 2024ರಲ್ಲಿ ಪಟ್ಟ ಗೆದ್ದಿತು. ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಬ್ರೌನ್. ಮಾರಿದ್ದೇ ಸರಿ ಎಂದು ಇದರಿಂದ ಸಾಬೀತಾಯಿತೆ? ಸ್ವಲ್ಪ ತಾಳಿ. ಬ್ರಯಾಂಟ್‌ರನ್ನು ಉಳಿಸಿಕೊಂಡು 27, 21, 17 ಗೆಲುವುಗಳ ಪಾತಾಳಕ್ಕಿಳಿದ ಲೇಕರ್ಸ್‌ಗೆ ಆ ಸೋಲುಗಳಿಂದಲೇ ಒಳ್ಳೆಯ ಡ್ರಾಫ್ಟ್ ಸರದಿಗಳು ಬಂದವು. 2016ರಲ್ಲಿ ಎರಡನೆಯ ಸರದಿಯಲ್ಲಿ ಬಂದ ಬ್ರಾಂಡನ್ ಇನ್‌ಗ್ರಾಮ್ ಮತ್ತಿತರರನ್ನು 2019ರಲ್ಲಿ ಕೊಟ್ಟು ಆಂಥೊನಿ ಡೇವಿಸ್‌ರನ್ನು ತಂದಿತು. 2018ರಲ್ಲಿ ಲೆಬ್ರಾನ್ ಜೇಮ್ಸ್ ತಾವಾಗಿಯೇ ಬಂದು ಸೇರಿದ್ದರು. 2020ರಲ್ಲಿ ಲೇಕರ್ಸ್‌ಗೆ ಪಟ್ಟ. ಬಾಸ್ಟನ್‌ಗಿಂತ ನಾಲ್ಕು ವರ್ಷ ಮೊದಲೇ!

ಫಲಿತಾಂಶದಿಂದ ತೀರ್ಮಾನವನ್ನು ಅಳೆಯುವವರು ಲೇಕರ್ಸ್ ದಾರಿಯೇ ಜಾಣತನದ್ದು ಎನ್ನಬೇಕಾಗುತ್ತದೆ. ನಾನು ಹಾಗೆನ್ನುವುದಿಲ್ಲ. ನಾಣ್ಯ ಚಿಮ್ಮಿ ತಲೆ ಎಂದವನು ಗೆದ್ದರೆ ಅವನು ನಾಣ್ಯವನ್ನು ಬಲ್ಲವನಾಗುವುದಿಲ್ಲ. ಬಾಸ್ಟನ್‌ನ ತೀರ್ಮಾನ 2013ರ ಜೂನ್‌ನಲ್ಲೇ ಒಳ್ಳೆಯದಾಗಿತ್ತು. ಬ್ರೌನ್, ಟೇಟಮ್ ಇಬ್ಬರೂ ಸಾಧಾರಣರಾಗಿ ಹೋಗಿದ್ದರೂ ಅದು ಒಳ್ಳೆಯದೇ ಆಗಿರುತ್ತಿತ್ತು. ಹಾಗೆಯೇ ಮಾರುವುದೇ ಸದಾ ಸರಿಯೆಂದೂ ಇಲ್ಲ. ಅಟ್ಲಾಂಟಾ 1994ರ ಫೆಬ್ರುವರಿಯಲ್ಲಿ, ತನ್ನ ವಿಭಾಗದ ಅಗ್ರಸ್ಥಾನದಲ್ಲಿದ್ದಾಗಲೇ, 34 ವರ್ಷದ ವಿಲ್ಕಿನ್ಸ್‌ರನ್ನು ಕೊಟ್ಟು 27ರ ಡ್ಯಾನಿ ಮ್ಯಾನಿಂಗ್‌ರನ್ನು ತಂದಿತು. ಎರಡನೆಯ ಸುತ್ತಿನಲ್ಲಿ ಸೋತಿತು. ಬೇಸಿಗೆಯಲ್ಲಿ ಮ್ಯಾನಿಂಗ್ ಬೇರೆ ತಂಡಕ್ಕೆ ಹೋದರು, ಅಟ್ಲಾಂಟಾಗೆ ಅವರೂ ಇಲ್ಲ, ಇವರೂ ಇಲ್ಲ ಎಂಬಂತಾಯಿತು.

ಬ್ರಯಾಂಟ್ ತಮ್ಮ ಕೊನೆಯ ಪಂದ್ಯ ಆಡಿದ್ದು 2016ರ ಏಪ್ರಿಲ್ 13ರಂದು. ತಂಡದ ಇತಿಹಾಸದಲ್ಲೇ ಅತಿ ಕೆಟ್ಟ ಋತುವಿನ ಕೊನೆಯ ದಿನ ಅದು. 37ರ ವಯಸ್ಸಿನಲ್ಲಿ 50 ಬಾರಿ ಬುಟ್ಟಿಗೆ ಎಸೆದು 60 ಅಂಕ ಗಳಿಸಿದರು. ಅವರು ಧರಿಸುತ್ತಿದ್ದ 8 ಮತ್ತು 24, ಎರಡೂ ಸಂಖ್ಯೆಗಳ ಅಂಗಿಗಳನ್ನು ಲೇಕರ್ಸ್ 2017ರ ಡಿಸೆಂಬರ್‌ನಲ್ಲಿ ಗೌರವಾರ್ಥವಾಗಿ ಕ್ರೀಡಾಂಗಣದಲ್ಲಿ ಮೇಲೇರಿಸಿತು. ಬಾಸ್ಟನ್ ಕೂಡ ತಾನು ಬಿಟ್ಟುಕೊಟ್ಟ ಪಿಯರ್ಸ್‌ರ 34ನ್ನು 2018ರಲ್ಲಿ, ಗಾರ್ನೆಟ್‌ರ 5ನ್ನು 2022ರಲ್ಲಿ ತನ್ನ ಚಾವಣಿಗೆ ಏರಿಸಿತು.